ನೆಲೆನಿಂತ ಸಮುದ್ರನೀರಿನ ಅಕ್ವೇರಿಯಂಗೆ ಸಂಪ್ ಜೋಡಣೆ: ದೀರ್ಘಕಾಲದ ಬಳಕೆಯ ವಿಮರ್ಶೆ

ಬಹುಕಾಲದಿಂದ ನೆಲೆನಿಂತಿದ್ದ ನನ್ನ ಸಮುದ್ರನೀರಿನ ಅಕ್ವೇರಿಯಂಗೆ, ಅದರಲ್ಲಿದ್ದ ಮೀನು, ಹವಳ, ಬಂಡೆಗಳನ್ನು ಬೇರೆ ಟ್ಯಾಂಕಿಗೆ ಸಾಗಿಸದೆಯೇ ಸಂಪ್ (ಟ್ಯಾಂಕಿನ ಕೆಳಗಿಟ್ಟು ಫಿಲ್ಟರ್ ಮುಂತಾದ ಉಪಕರಣಗಳನ್ನು ಕೂರಿಸುವ ಎರಡನೆಯ ತೊಟ್ಟಿ) ಜೋಡಿಸಿಕೊಂಡು ಕೆಲವು ವರ್ಷಗಳಾಗಿವೆ. ಮೊದಲ ವಾರಗಳಲ್ಲಿ ಬರೆದಿದ್ದರೆ ಈ ವಿಮರ್ಶೆಯಲ್ಲಿ ಪೈಪಿನ ಸದ್ದು ಮತ್ತು ನೀರಿನ ಗುಳ್ಳೆಗಳ ವಿಷಯವೇ ಹೆಚ್ಚಾಗಿರುತ್ತಿತ್ತು. ಈಗ ಅವೆರಡೂ ನೆನಪಿಗೆ ಬರುವುದೇ ಅಪರೂಪ, ಆಗ ಗಮನಕ್ಕೇ ಬಾರದ ಕೆಲವು ಸಂಗತಿಗಳು ಮುಖ್ಯವಾಗಿ ಕಾಣುತ್ತಿವೆ. ಆದ್ದರಿಂದ ಹೊಸದರ ಸಂಭ್ರಮ ಕಳೆದ ಮೇಲೆ ಉಳಿದ ಅಭಿಪ್ರಾಯವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೇಲಿನ ಟ್ಯಾಂಕ್ 120 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ ಮತ್ತು 50 ಸೆಂ.ಮೀ. ಎತ್ತರದ್ದು. ಬಂಡೆ ಮತ್ತು ಮರಳು ಆಕ್ರಮಿಸಿದ ಜಾಗವನ್ನು ಕಳೆದರೆ ಅದರಲ್ಲಿ ಸುಮಾರು 260 ಲೀಟರ್ ನೀರಿರುತ್ತದೆ. ಅದರ ಕೆಳಗಿನ ಕ್ಯಾಬಿನೆಟ್ಟಿನಲ್ಲಿ 75, 40, 40 ಸೆಂ.ಮೀ. ಅಳತೆಯ ಗಾಜಿನ ಸಂಪ್ ಇದೆ. ಮೇಲಿನ ಟ್ಯಾಂಕಿನಿಂದ ತುಂಬಿ ಹರಿಯುವ ನೀರು ಪೈಪುಗಳ ಮೂಲಕ ತಾನಾಗಿಯೇ ಇಳಿದು, ಕಸ ಹಿಡಿಯುವ ಚೀಲವಾದ ಫಿಲ್ಟರ್ ಸಾಕ್, ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಪಾಚಿ ಬೆಳೆಸುವ ರೆಫ್ಯೂಜಿಯಂ ಇವುಗಳನ್ನು ದಾಟಿ, ಕೊನೆಯ ವಿಭಾಗದಲ್ಲಿರುವ ಡಿಸಿ ರಿಟರ್ನ್ ಪಂಪಿನಿಂದ ಮತ್ತೆ ಮೇಲೇರುತ್ತದೆ. ಆವಿಯಾದ ನೀರನ್ನು ತುಂಬಿಕೊಡಲು ಸೆನ್ಸರ್ ಆಧಾರಿತ ಆಟೋ ಟಾಪ್ ಆಫ್ ಇದೆ.

ಸಂಪನ್ನು ಹೆಚ್ಚಿನವರು ದೊಡ್ಡ ಫಿಲ್ಟರ್ ಎಂದು ಭಾವಿಸಿ ಹಾಕಿಸುತ್ತಾರೆ. ನೆಲೆನಿಂತ ಟ್ಯಾಂಕಿನ ಮಟ್ಟಿಗೆ ಆ ಭಾವನೆ ಅಷ್ಟು ಸರಿಯಲ್ಲ. ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಲೈವ್ ರಾಕ್ (ಸೂಕ್ಷ್ಮಜೀವಿಗಳು ನೆಲೆಸಿದ ರಂಧ್ರಮಯ ಬಂಡೆ) ಮತ್ತು ಮರಳಿನಲ್ಲಿ ಆಗಲೇ ಸಾಕಷ್ಟು ಬೇರೂರಿರುತ್ತವೆ. ಸಂಪ್ ಬಂದ ಮಾತ್ರಕ್ಕೆ ಆ ಕೆಲಸ ಇನ್ನಷ್ಟು ಚೆನ್ನಾಗಿ ನಡೆಯುವುದಿಲ್ಲ. ಸಂಪಿನಿಂದ ನಿಜವಾಗಿ ದೊರೆಯುವುದು ಸ್ಥಿರತೆ. ನೀರು ಆವಿಯಾಗುವುದು, ವಿದ್ಯುತ್ ಹೋಗುವುದು, ಪೈಪ್ ಕಟ್ಟಿಕೊಳ್ಳುವುದು, ಸ್ಕಿಮ್ಮರಿನ ವರ್ತನೆ ಬದಲಾಗುವುದು ಇಂಥ ಏರಿಳಿತಗಳೆಲ್ಲ ಮೇಲಿನ ಟ್ಯಾಂಕನ್ನು ಬಿಟ್ಟು ಕೆಳಗಿನ ಚಿಕ್ಕ ವಿಭಾಗವೊಂದಕ್ಕೆ ಸೀಮಿತವಾಗುತ್ತವೆ ಮತ್ತು ಅಲ್ಲಿ ಅವನ್ನು ಅಳೆಯಬಹುದು. ಆದರೆ ಆ ವಿಭಾಗಗಳ ಅಳತೆಯನ್ನು ಮೊದಲೇ ಲೆಕ್ಕ ಹಾಕಿ ನಿಗದಿ ಮಾಡಿದ್ದರೆ ಮಾತ್ರ ಈ ಮಾತು ನಿಜವಾಗುತ್ತದೆ. ನನ್ನ ಅನುಭವದಲ್ಲಿ ಪಂಪಿನ ಬ್ರ್ಯಾಂಡ್ ಯಾವುದು, ಸ್ಕಿಮ್ಮರಿನ ಮಾದರಿ ಯಾವುದು ಎನ್ನುವುದಕ್ಕಿಂತ ಈ ಲೆಕ್ಕವೇ ದೊಡ್ಡದು.

ವಿದ್ಯುತ್ ಹೋದಾಗ ಏನಾಗುತ್ತದೆಂದು ಮೊದಲು ನೋಡಬೇಕು. ಪಂಪ್ ನಿಂತ ಕೂಡಲೇ, ನೀರು ತುಂಬಿ ಹರಿಯುವ ಓವರ್‌ಫ್ಲೋ ಪೆಟ್ಟಿಗೆಯ ಅಂಚಿಗಿಂತ ಮೇಲಿರುವ ನೀರು ಕೆಳಗಿಳಿಯುತ್ತದೆ. ಜೊತೆಗೆ ನೀರು ಮರಳಿಸುವ ನಾಝಲ್ ಮುಳುಗಿದ್ದರೆ ಅದರ ಮೂಲಕ ಸೈಫನ್ (ತುಂಬಿದ ಕೊಳವೆಯಲ್ಲಿ ಪಂಪಿಲ್ಲದೆ ನೀರು ತಾನಾಗಿ ಕೆಳಗೆಳೆಯಲ್ಪಡುವ ಹರಿವು) ಹಿಮ್ಮುಖವಾಗಿ ಹರಿದು, ನಾಝಲಿಗೆ ಗಾಳಿ ಸಿಗುವವರೆಗೂ ನೀರನ್ನು ಎಳೆಯುತ್ತಲೇ ಇರುತ್ತದೆ. ನನ್ನ ಟ್ಯಾಂಕಿನ ಮೇಲ್ಮೈ 6,000 ಚದರ ಸೆಂ.ಮೀ. ಇರುವುದರಿಂದ ಪ್ರತಿ ಸೆಂಟಿಮೀಟರ್ ಇಳಿತಕ್ಕೆ 6 ಲೀಟರ್ ನೀರು ಕೆಳಗೆ ಬರುತ್ತದೆ. ನಾಝಲಿನ ಬಾಯಿ ನೀರಿನ ಮಟ್ಟಕ್ಕಿಂತ 2.5 ಸೆಂ.ಮೀ. ಕೆಳಗಿದೆ, ಅಂದರೆ 15 ಲೀಟರ್. ಪೈಪುಗಳು ಮತ್ತು ಓವರ್‌ಫ್ಲೋ ಪೆಟ್ಟಿಗೆಯಲ್ಲಿರುವ ನೀರಿಗೆ ಇನ್ನೊಂದು 5 ಲೀಟರ್ ಸೇರಿಸಿದರೆ ಒಟ್ಟು 20 ಲೀಟರ್. ಪಂಪ್ ನಡೆಯುತ್ತಿರುವಾಗ ಸಂಪಿನಲ್ಲಿ 64 ಲೀಟರ್ ಇರುತ್ತದೆ. ನಿಂತಾಗ ಅದು 84 ಲೀಟರ್ ಆಗಿ, 28 ಸೆಂ.ಮೀ. ಎತ್ತರಕ್ಕೆ ಬಂದು ನಿಲ್ಲುತ್ತದೆ. ಸಂಪಿನ ಎತ್ತರ 40 ಸೆಂ.ಮೀ. ಇರುವುದರಿಂದ ಭಯವಿಲ್ಲ. ನಾಝಲಿನಲ್ಲಿ ನೀರಿನ ಮೇಲ್ಮೈಗೆ ಹತ್ತಿರವಾಗಿ, ಸೈಫನ್ ಬೇಗ ಮುರಿಯಲೆಂದು ಸಣ್ಣ ರಂಧ್ರವೊಂದನ್ನೂ ಕೊರೆದಿದೆ. ಆದರೆ ಆ ರಂಧ್ರ ಮುಚ್ಚಿಹೋಗಿದೆ ಎಂದೇ ಭಾವಿಸಿ ಲೆಕ್ಕ ಹಾಕುವುದು ಕ್ಷೇಮ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವನ್ನು ನಂಬಿ ಸಣ್ಣ ಸಂಪ್ ಇಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸಮುದ್ರನೀರಿನಲ್ಲಿ ಸುಣ್ಣದ ಕೊಳವೆ ಕಟ್ಟುವ ಹುಳುಗಳು, ಸುಣ್ಣದ ಪದರವಾಗಿ ಬೆಳೆಯುವ ಕೋರಲೈನ್ ಪಾಚಿ, ಮರಿ ಬಸವನಹುಳುಗಳು ಎಲ್ಲ ಸಂದಿಗೊಂದಿಗಳಲ್ಲೂ ನೆಲೆಸುತ್ತವೆ, ವಾಲ್ವಿನ ತಟ್ಟೆ ಪೂರ್ತಿ ಮುಚ್ಚಿಕೊಳ್ಳದಿರಲು ಅವುಗಳಲ್ಲಿ ಒಂದು ಸಾಕು.

ಇದಕ್ಕೆ ವಿರುದ್ಧವಾದ ಇನ್ನೊಂದು ಸನ್ನಿವೇಶವನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಳಿಯುವ ಪೈಪುಗಳೆಲ್ಲ ಕಟ್ಟಿಕೊಂಡು ಪಂಪ್ ಮಾತ್ರ ನಡೆಯುತ್ತಿದ್ದರೆ, ಪಂಪಿನ ವಿಭಾಗದಲ್ಲಿರುವ ನೀರೆಲ್ಲ ಮೇಲೇರಿ ಟ್ಯಾಂಕಿನ ಅಂಚು ದಾಟಬಹುದು. ನನ್ನ ಸಂಪಿನ ಪಂಪ್ ವಿಭಾಗ 25 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲವಿದ್ದು ಅದರಲ್ಲಿ ನೀರು 18 ಸೆಂ.ಮೀ. ನಿಲ್ಲುತ್ತದೆ. 6 ಸೆಂ.ಮೀ.ಗೆ ಇಳಿದಾಗ ಪಂಪ್ ಗಾಳಿ ಎಳೆಯತೊಡಗುತ್ತದೆ. ಹೀಗಾಗಿ ಅದು ಮೇಲಕ್ಕೆ ಕಳಿಸಬಲ್ಲ ನೀರು 12 ಲೀಟರ್ ಮಾತ್ರ, ಅದರಿಂದ ಮೇಲಿನ ಮಟ್ಟ 2 ಸೆಂ.ಮೀ. ಏರುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ಅರ್ಧವೇ ಆಯಿತು. ಪಂಪ್ ವಿಭಾಗದ ನೀರು ಇಳಿದಾಗ ಆಟೋ ಟಾಪ್ ಆಫ್ ಅದನ್ನು ಆವಿಯಾದದ್ದೆಂದೇ ತಿಳಿದು ಸಿಹಿನೀರನ್ನು ಸುರಿಯತೊಡಗುತ್ತದೆ. ಆ ಕಾರಣಕ್ಕಾಗಿಯೇ ಟಾಪ್ ಆಫ್ ನೀರಿನ ಡಬ್ಬಿಯನ್ನು 10 ಲೀಟರಿಗೆ ಮಿತಿಗೊಳಿಸಿದ್ದೇನೆ. ಅದು ಪೂರ್ತಿ ಸುರಿದರೂ ಇನ್ನು 1.7 ಸೆಂ.ಮೀ. ಏರುತ್ತದೆ, ಒಟ್ಟು 3.7 ಸೆಂ.ಮೀ. ಟ್ಯಾಂಕಿನ ನೀರು ಅಂಚಿಗಿಂತ 4 ಸೆಂ.ಮೀ. ಕೆಳಗೆ ನಡೆಯುವಂತೆ ಓವರ್‌ಫ್ಲೋ ಎತ್ತರವನ್ನು ನಿಗದಿ ಮಾಡಿರುವುದು ಇದೇ ಲೆಕ್ಕದಿಂದ. ಹಿಂಬದಿಯಲ್ಲಿ ಹೊರಗಿರುವ ಓವರ್‌ಫ್ಲೋ ಪೆಟ್ಟಿಗೆಯ ಅಂಚು ಟ್ಯಾಂಕಿನ ಅಂಚಿಗಿಂತ ತಗ್ಗಿರಬಾರದು ಎಂಬುದನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ನೀರು ಮೊದಲು ಚೆಲ್ಲುವುದು ಅಲ್ಲಿಂದ.

ಈ ಲೆಕ್ಕ ಕಾಗದದ ಮೇಲೆ ಮಾತ್ರ ಉಳಿಯಲಿಲ್ಲ. ಟಾಪ್ ಆಫ್ ಜೊತೆಗೆ ಬಂದಿದ್ದ ಫ್ಲೋಟ್ ಸ್ವಿಚ್ ಉಪ್ಪು ಕಟ್ಟಿ ಕೆಳಸ್ಥಿತಿಯಲ್ಲೇ ಅಂಟಿಕೊಂಡು, ಒಂದು ರಾತ್ರಿ ಡಬ್ಬಿಯ ನೀರೆಲ್ಲ ಸಂಪಿಗೆ ಇಳಿದಿತ್ತು. ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಲವಣಾಂಶ ಸಾವಿರಕ್ಕೆ 35ರಿಂದ ಸುಮಾರು 34ಕ್ಕೆ ಇಳಿದಿತ್ತು. ಮೀನು, ಹವಳಗಳು ಅದನ್ನು ತಾಳಿಕೊಂಡವು. ಡಬ್ಬಿ 50 ಲೀಟರಿನದಾಗಿದ್ದರೆ ಅದು ಬೇರೆಯೇ ಕಥೆಯಾಗುತ್ತಿತ್ತು. ಈಗ ಆಪ್ಟಿಕಲ್ ಸೆನ್ಸರ್ ಮುಖ್ಯವಾಗಿಯೂ, ಅದಕ್ಕಿಂತ ಎತ್ತರದಲ್ಲಿ ಒಂದು ಫ್ಲೋಟ್ ಸ್ವಿಚ್ ಕಾವಲಾಗಿಯೂ ಇವೆ.

ಕೊರೆಯುವ ಕೆಲಸದ ಬಗ್ಗೆ ಅನೇಕರಿಗೆ ಅಂಜಿಕೆಯಿರುತ್ತದೆ, ಅದು ಸಕಾರಣವೇ. ಶಾಖದಿಂದ ಬಲಪಡಿಸಿದ ಟೆಂಪರ್ಡ್ ಗಾಜನ್ನು ಕೊರೆಯಲಾಗದು. ಡ್ರಿಲ್ ತಗುಲಿದರೆ ಇಡೀ ಗಾಜು ಚೂರುಚೂರಾಗುತ್ತದೆ. ತಯಾರಾಗಿಯೇ ಸಿಗುವ ಎಷ್ಟೋ ಟ್ಯಾಂಕುಗಳಲ್ಲಿ ತಳದ ಗಾಜು ಟೆಂಪರ್ಡ್ ಆಗಿದ್ದು ಪಕ್ಕದ ಗಾಜುಗಳು ಸಾಮಾನ್ಯದವಾಗಿರುವುದುಂಟು. ಎಲ್‌ಸಿಡಿ ಪರದೆಯೊಂದನ್ನು ಬಿಳಿಯಾಗಿ ಬೆಳಗಿಸಿ ಗಾಜಿನ ಒಂದು ಬದಿಗೆ ಹಿಡಿದು, ಇನ್ನೊಂದು ಬದಿಯಿಂದ ಪೋಲರೈಸ್ಡ್ ತಂಪು ಕನ್ನಡಕದ ಮೂಲಕ ನೋಡಿದರೆ ಟೆಂಪರ್ಡ್ ಗಾಜಿನಲ್ಲಿ ಕಪ್ಪು ಮಚ್ಚೆಗಳೋ ಪಟ್ಟೆಗಳೋ ಕಾಣುತ್ತವೆ. ತಯಾರಕರ ಲಿಖಿತ ಮಾಹಿತಿ ಸಿಕ್ಕರೆ ಇನ್ನೂ ಒಳ್ಳೆಯದು. ನನ್ನ ಟ್ಯಾಂಕಿನ ಹಿಂಬದಿ ಗಾಜು ಸಾಮಾನ್ಯದ್ದೆಂದು ಖಚಿತವಾದ ಮೇಲೆ, ಮೂರನೇ ಒಂದು ಭಾಗದಷ್ಟು ನೀರನ್ನು ಶುದ್ಧ ಡಬ್ಬಿಗಳಿಗೆ ತೆಗೆದಿಟ್ಟು, ಗಾಜಿನ ಕೆಲಸ ಬಲ್ಲವರಿಂದ ಮೇಲ್ಭಾಗದಲ್ಲಿ ರಂಧ್ರಗಳನ್ನು ಕೊರೆಸಿದೆ. ವಜ್ರದ ಪುಡಿ ಲೇಪಿಸಿದ ಹೋಲ್ ಸಾ, ಕಡಿಮೆ ವೇಗ, ಕೈಭಾರ ಹಾಕದೆ ಹಿಡಿಯುವುದು, ಬಿಡದೆ ನೀರು ಸುರಿಯುವುದು ಇಷ್ಟೇ ಅದರ ಕ್ರಮ. ರಂಧ್ರದ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕನಿಷ್ಠ ಒಂದು ರಂಧ್ರದ ವ್ಯಾಸದಷ್ಟಾದರೂ ಅಂತರ ಬೇಕು. ಒಳಬದಿಯಲ್ಲಿ ಟೇಪ್ ಅಂಟಿಸಿ, ಪ್ಲಾಸ್ಟಿಕ್ ಹಾಳೆಯನ್ನು ಜೋಳಿಗೆಯಂತೆ ಕಟ್ಟಿದ್ದರಿಂದ ಗಾಜಿನ ಪುಡಿ ನೀರಿಗೆ ಬೀಳಲಿಲ್ಲ. ರಂಧ್ರದಲ್ಲಿ ಪೈಪನ್ನು ಸೋರದಂತೆ ಹಿಡಿಯುವ ಬಲ್ಕ್‌ಹೆಡ್ ಕೂರಿಸುವಾಗ ಅದರ ರಬ್ಬರ್ ಗ್ಯಾಸ್ಕೆಟ್ ಅಗಲ ಅಂಚಿನ ಕಡೆ, ಅಂದರೆ ನೀರಿನ ಬದಿಯಲ್ಲಿರಬೇಕು. ಕೈಯಲ್ಲಿ ಬಿಗಿ ಮಾಡಿ ನಂತರ ಕಾಲು ಸುತ್ತು ತಿರುಗಿಸಿದರೆ ಸಾಕು.

ಕೊರೆಯಲಾಗದವರಿಗೆ ಟ್ಯಾಂಕಿನ ಅಂಚಿಗೆ ತೂಗುಹಾಕುವ ಸೈಫನ್ ಓವರ್‌ಫ್ಲೋ ಪೆಟ್ಟಿಗೆಗಳಿವೆ. ಅವು ಕೆಲಸ ಮಾಡುತ್ತವೆ. ಆದರೆ ಅವುಗಳ ಯು ಆಕಾರದ ಕೊಳವೆಯಲ್ಲಿ ಗುಳ್ಳೆಗಳು ಸೇರುತ್ತ ಹೋಗಿ ಸೈಫನ್ ಕಡಿದುಹೋಗಬಹುದು. ಹಾಗಾದಾಗ ಮೇಲೆ ಹೇಳಿದ ಎರಡನೆಯ ಸನ್ನಿವೇಶ ತಾನಾಗಿಯೇ ಉಂಟಾಗುತ್ತದೆ. ಅಂಥ ಪೆಟ್ಟಿಗೆ ಬಳಸುವವರು ಪಂಪ್ ವಿಭಾಗವನ್ನು ಇನ್ನಷ್ಟು ಚಿಕ್ಕದಾಗಿ ಇಟ್ಟುಕೊಳ್ಳಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಸಂಪನ್ನು ಮೊದಲು ಸಿಹಿನೀರು ತುಂಬಿಸಿ ಸೋರಿಕೆಗಾಗಿ ಪರೀಕ್ಷಿಸಿ, ಪೈಪಿನ ಅಂಟು ಒಣಗಲು ಒಂದು ಇಡೀ ದಿನ ಬಿಟ್ಟು, ತೊಳೆದ ನಂತರವೇ ಉಪ್ಪುನೀರು ತುಂಬಿದೆ. ಹೊಸದಾಗಿ ಸೇರುವ 64 ಲೀಟರ್ ನೀರು ಒಟ್ಟು ನೀರಿನ ಐದನೇ ಒಂದು ಭಾಗದಷ್ಟಾಗುವುದರಿಂದ, ಇದನ್ನು ದೊಡ್ಡದೊಂದು ನೀರು ಬದಲಾವಣೆಯೆಂದೇ ಪರಿಗಣಿಸಬೇಕು. ಉಷ್ಣಾಂಶ ಮತ್ತು ಲವಣಾಂಶವನ್ನು ಎಲ್ಲರೂ ಹೊಂದಿಸುತ್ತಾರೆ, ಆಲ್ಕಲಿನಿಟಿಯನ್ನು (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಸಾಮರ್ಥ್ಯ, ಡಿಕೆಎಚ್ ಅದರ ಅಳತೆ) ಮರೆಯುತ್ತಾರೆ. ಟ್ಯಾಂಕಿನಲ್ಲಿ 8 ಡಿಕೆಎಚ್ ಇದ್ದು ಹೊಸ ಉಪ್ಪಿನ ನೀರಿನಲ್ಲಿ 11 ಇದ್ದರೆ ಎರಡೂ ಬೆರೆತಾಗ 8.6 ಆಗುತ್ತದೆ. ಗಟ್ಟಿ ಹವಳಗಳಿರುವ ಟ್ಯಾಂಕಿನಲ್ಲಿ ಒಂದೇ ಗಂಟೆಯಲ್ಲಿ ಇಷ್ಟು ಏರುವುದು ಒಳ್ಳೆಯದಲ್ಲ. ಪಂಪಿನ ವೇಗವನ್ನು ತೀರಾ ತಗ್ಗಿಸಿ, ನೀರು ನಿಧಾನವಾಗಿ ಬೆರೆಯುವಂತೆ ನಾನು ನೋಡಿಕೊಂಡೆ. ಹಳೆಯ ಕ್ಯಾನಿಸ್ಟರ್ ಫಿಲ್ಟರನ್ನೂ ಕೂಡಲೇ ತೆಗೆಯದೆ, ಕೆಲವು ವಾರ ಜೊತೆಯಲ್ಲೇ ನಡೆಸಿ, ಅದರೊಳಗಿನ ಮೀಡಿಯಾವನ್ನು (ಬ್ಯಾಕ್ಟೀರಿಯಾ ನೆಲೆಸುವ ಸೋಸುವ ವಸ್ತು) ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿದೆ. ಅಮೋನಿಯ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ.

ಸದ್ದಿನ ವಿಷಯಕ್ಕೆ ಬಂದರೆ, ಮೂರು ಪೈಪಿನ ಓವರ್‌ಫ್ಲೋ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಂದು ಪೈಪ್ ಪೂರ್ತಿ ನೀರು ತುಂಬಿಕೊಂಡು ಸೈಫನ್ ಆಗಿ ಹರಿಯುತ್ತದೆ, ಗಾಳಿ ಇಲ್ಲದ್ದರಿಂದ ಅದು ನಿಶ್ಶಬ್ದ. ಎರಡನೆಯದರಲ್ಲಿ ಸಣ್ಣ ಧಾರೆ ಮಾತ್ರ ಇಳಿಯುತ್ತದೆ. ಮೂರನೆಯದು ಒಣಗಿದ್ದು, ಆಪತ್ತಿಗೆ ಮೀಸಲು. ಸೈಫನ್ ಪೈಪಿಗೆ ಬಾಲ್ ವಾಲ್ವ್ ಬದಲು ಗೇಟ್ ವಾಲ್ವ್ ಹಾಕಿಸಿಕೊಳ್ಳಬೇಕು. ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಕೆಲವು ನಿಮಿಷ ಕಾದು, ಪೆಟ್ಟಿಗೆಯ ಮಟ್ಟ ಎಲ್ಲಿ ನಿಲ್ಲುತ್ತದೆಂದು ನೋಡಿ, ಮತ್ತೆ ತಿರುಗಿಸುವ ಸೂಕ್ಷ್ಮ ಬಾಲ್ ವಾಲ್ವಿಗೆ ಬಾರದು. ಸರಿಹೊಂದಿದಾಗ ಎರಡನೆಯ ಪೈಪಿನ ಒಳಗೋಡೆಗೆ ತೆಳು ಪದರವಾಗಿ ಅಂಟಿಕೊಂಡು ನೀರು ಇಳಿಯುವುದು ಕಾಣುತ್ತದೆ, ಕಿವಿಗೆ ಏನೂ ಕೇಳಿಸುವುದಿಲ್ಲ. ದೀರ್ಘಕಾಲದ ಬಳಕೆಯಲ್ಲಿ ತಿಳಿದುಬಂದ ಸಂಗತಿಯೆಂದರೆ, ತಿಂಗಳುಗಳು ಕಳೆದಂತೆ ಸೈಫನ್ ಪೈಪಿನೊಳಗೆ ಲೋಳೆ ಮತ್ತು ಸ್ಪಂಜುಗಳು ಬೆಳೆದು ಅದರ ಹರಿವು ಕುಗ್ಗುತ್ತದೆ. ಆಗ ಎರಡನೆಯ ಪೈಪಿಗೆ ಹೆಚ್ಚು ನೀರು ಬಿದ್ದು ಗಳಗಳ ಸದ್ದು ಆರಂಭವಾಗುತ್ತದೆ. ಆ ಸದ್ದೇ ಪೈಪ್ ಕಟ್ಟಿಕೊಳ್ಳುತ್ತಿರುವುದರ ಮುನ್ಸೂಚನೆ. ಒಂದೇ ಪೈಪಿನ ವ್ಯವಸ್ಥೆಯಲ್ಲಿ ಇಂಥ ಎಚ್ಚರಿಕೆ ಸಿಗುವುದಿಲ್ಲ.

ಪಂಪಿನ ಹರಿವಿನ ವಿಷಯದಲ್ಲಿ ದೊಡ್ಡ ಅಂಕಿಗಳ ಬೆನ್ನು ಹತ್ತುವ ಅಗತ್ಯವಿಲ್ಲ. ಪೆಟ್ಟಿಗೆಯ ಮೇಲೆ ಬರೆದಿರುವ ಸಂಖ್ಯೆ ಎತ್ತರವೇ ಇಲ್ಲದಾಗಿನದು. ನೀರು ಮೇಲೇರುವ ಎತ್ತರ ಮತ್ತು ಪ್ರತಿ ಮೊಣಕೈ ಪೈಪ್ ಅದನ್ನು ಕಡಿಮೆ ಮಾಡುತ್ತವೆ. ನಾನು ಗಂಟೆಗೆ ಸುಮಾರು 1,500 ಲೀಟರ್, ಅಂದರೆ ಮೇಲಿನ ಟ್ಯಾಂಕಿನ ಐದರಿಂದ ಆರು ಪಟ್ಟಿನಷ್ಟು ಹರಿಸುತ್ತೇನೆ. ಹವಳಗಳಿಗೆ ಬೇಕಾದ ಸೆಳೆತವನ್ನು ಟ್ಯಾಂಕಿನೊಳಗಿನ ವೇವ್‌ಮೇಕರುಗಳು ಕೊಡುತ್ತವೆ. ಹೆಚ್ಚು ಹರಿವು ಎಂದರೆ ಹೆಚ್ಚು ಸದ್ದು, ಹೆಚ್ಚು ಶಾಖ ಮತ್ತು ಸಂಪಿನ ಅಡ್ಡಗಾಜುಗಳನ್ನು ದಾಟಿ ಬರುವ ಸಣ್ಣ ಗುಳ್ಳೆಗಳು.

ಇನ್ನು ಫಲಿತಾಂಶ. ಮೊದಲು ಕಣ್ಣಿಗೆ ಬಿದ್ದದ್ದು ನೀರಿನ ಮೇಲ್ಮೈ. ಹಿಂದೆ ಸದಾ ತೇಲುತ್ತಿದ್ದ ಎಣ್ಣೆಯಂಥ ತೆಳು ಪೊರೆ, ಓವರ್‌ಫ್ಲೋ ಮೇಲ್ಪದರವನ್ನು ನಿರಂತರವಾಗಿ ಎಳೆದುಕೊಳ್ಳುವುದರಿಂದ ಪೂರ್ತಿ ಮಾಯವಾಗಿದೆ. ಬೆಳಕು ಒಳಗೆ ಸ್ಪಷ್ಟವಾಗಿ ಇಳಿಯುತ್ತದೆ, ಆಮ್ಲಜನಕದ ವಿನಿಮಯವೂ ಚೆನ್ನಾಗಿ ಆಗುತ್ತದೆ. ಸ್ಕಿಮ್ಮರಿನ ವಿಭಾಗದಲ್ಲಿ ಅಡ್ಡಗಾಜಿನಿಂದಾಗಿ ನೀರು ಯಾವಾಗಲೂ 23 ಸೆಂ.ಮೀ. ಇರುತ್ತದೆ. ಸ್ಕಿಮ್ಮರ್ ನೀರಿನ ಮಟ್ಟಕ್ಕೆ ಬಹಳ ಸೂಕ್ಷ್ಮವಾದದ್ದರಿಂದ ಈ ಒಂದು ಬದಲಾವಣೆಯೇ ಅದರ ಕೆಲಸವನ್ನು ಹದಕ್ಕೆ ತಂದಿತು. ಹೀಟರ್ ಕೂಡ ಈ ವಿಭಾಗದಲ್ಲೇ ಇದೆ, ಏಕೆಂದರೆ ಪಂಪ್ ವಿಭಾಗದಲ್ಲಿ ಮಟ್ಟ ಇಳಿದರೆ ಅದು ಗಾಳಿಗೆ ತೆರೆದುಕೊಳ್ಳುವ ಅಪಾಯವಿದೆ. ದಿನಕ್ಕೆ ಸುಮಾರು 3 ಲೀಟರ್ ನೀರು ಆವಿಯಾಗುತ್ತದೆ. ಮೇಲಿನ ಟ್ಯಾಂಕಿನ ಮಟ್ಟ ಅದರಿಂದ ಅಲುಗುವುದಿಲ್ಲ. ಪಂಪ್ ವಿಭಾಗದಲ್ಲಿ ಮಾತ್ರ ಅದು 3 ಸೆಂ.ಮೀ. ಇಳಿತವಾಗಿ ಕಾಣುತ್ತದೆ. ಟಾಪ್ ಆಫ್ ಇಲ್ಲದಿದ್ದರೆ ನಾಲ್ಕೇ ದಿನಗಳಲ್ಲಿ ಪಂಪ್ ಗಾಳಿ ಎಳೆಯತೊಡಗುತ್ತದೆ. ಆದ್ದರಿಂದ ಸಂಪ್ ಹಾಕಿಸುವವರಿಗೆ ಟಾಪ್ ಆಫ್ ಐಚ್ಛಿಕವಲ್ಲ.

ರೆಫ್ಯೂಜಿಯಂನಲ್ಲಿ ಕೀಟೋಮಾರ್ಫಾ ಎಂಬ ತಂತಿಯಂಥ ಹಸಿರು ಪಾಚಿಯನ್ನು ಬೆಳೆಸುತ್ತಿದ್ದೇನೆ. ಅದು ನೈಟ್ರೇಟ್ ಮತ್ತು ಫಾಸ್ಫೇಟನ್ನು ಹೀರಿಕೊಂಡು ಬೆಳೆಯುತ್ತದೆ. ಬೆಳೆದದ್ದನ್ನು ಕಿತ್ತು ಹೊರಹಾಕಿದಾಗ ಅವೂ ನೀರಿನಿಂದ ಹೊರಹೋಗುತ್ತವೆ. ಅದರ ದೀಪ ರಾತ್ರಿ ಹೊತ್ತು ಉರಿಯುವುದರಿಂದ, ಮೇಲಿನ ಟ್ಯಾಂಕ್ ಕತ್ತಲಲ್ಲಿರುವಾಗ ಇಂಗಾಲದ ಡೈಆಕ್ಸೈಡನ್ನು ಪಾಚಿ ಬಳಸಿಕೊಂಡು, ಬೆಳಗಿನ ಜಾವ 7.8ಕ್ಕೆ ಇಳಿಯುತ್ತಿದ್ದ ಪಿಎಚ್ ಈಗ 8.0ರ ಆಸುಪಾಸಿನಲ್ಲಿ ನಿಲ್ಲುತ್ತಿದೆ. ಪಾಚಿಯ ಎಳೆಗಳ ನಡುವೆ ಬೆಳ್ಳಗೆ, ಸಾಸಿವೆಗಿಂತ ಚಿಕ್ಕದಾದ ಕೋಪೆಪಾಡು ಎಂಬ ಜೀವಿಗಳು ಸರಿದಾಡುವುದನ್ನು ಟಾರ್ಚ್ ಹಿಡಿದು ನೋಡುವುದು ನನಗೆ ಇಂದಿಗೂ ಸಂತೋಷದ ಸಂಗತಿ. ಅವುಗಳಲ್ಲಿ ಕೆಲವು ಪಂಪಿನ ಮೂಲಕ ಮೇಲೇರಿ ಮೀನುಗಳಿಗೆ ಆಹಾರವಾಗುತ್ತವೆ. ಆದರೆ ಪಾಚಿ ಅತಿಯಾಗಿ ಬೆಳೆದು ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದರೆ ಹವಳಗಳು ಬಿಳಿಚಿಕೊಳ್ಳುತ್ತವೆ, ಡೈನೋಫ್ಲಾಜೆಲೇಟು ಎಂಬ ಸೂಕ್ಷ್ಮಜೀವಿಗಳ ಕಂದು ಲೋಳೆ ಹರಡಲು ಅನುಕೂಲವಾಗುತ್ತದೆ. ಪರೀಕ್ಷೆಯ ಅಂಕಿಗಳನ್ನು ನೋಡಿ ದೀಪದ ಅವಧಿಯನ್ನು ತಗ್ಗಿಸುವುದು ಇದಕ್ಕೆ ಸುಲಭದ ಉಪಾಯ.

ರಾಸಾಯನಿಕಗಳ ಪ್ರಮಾಣದ ಕುರಿತು ಒಂದು ಮಾತು. ಒಟ್ಟು ನೀರು ಕಾಲು ಭಾಗದಷ್ಟು ಹೆಚ್ಚಿತೆಂದು ದಿನನಿತ್ಯದ ಆಲ್ಕಲಿನಿಟಿ, ಕ್ಯಾಲ್ಸಿಯಂ ಡೋಸನ್ನು ಹೆಚ್ಚಿಸಬಾರದು. ಹವಳಗಳು ದಿನಕ್ಕೆ ಬಳಸುವ ಪ್ರಮಾಣ ಮೊದಲಿನಷ್ಟೇ ಇರುತ್ತದೆ. ಮಟ್ಟ ಇಳಿದಾಗ ಅದನ್ನು ಮೇಲೆತ್ತಲು ಹಾಕುವ ಡೋಸನ್ನು ಮಾತ್ರ ಹೊಸ ಒಟ್ಟು ಪ್ರಮಾಣಕ್ಕೆ ಲೆಕ್ಕ ಹಾಕಬೇಕು.

ಕಷ್ಟಗಳೂ ಇವೆ. ಫಿಲ್ಟರ್ ಸಾಕ್ ಮೂರು ನಾಲ್ಕು ದಿನಗಳಿಗೊಮ್ಮೆ ಬದಲಾಗಬೇಕು. ಬಿಟ್ಟರೆ ಅದರಲ್ಲಿ ಸಿಕ್ಕಿದ ಕಸ ಅಲ್ಲೇ ಕೊಳೆತು ನೈಟ್ರೇಟ್ ಹೆಚ್ಚಿಸುತ್ತದೆ. ನಿಯಮಿತವಾಗಿ ತೊಳೆಯಲು ಬಿಡುವಿಲ್ಲದವರು ಅದನ್ನು ಹಾಕದಿರುವುದೇ ಮೇಲು. ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ ತೇವ ನಿಂತು ಮರದ ಹಲಗೆ ಉಬ್ಬುತ್ತದೆ, ಪ್ರತಿ ಜೋಡಣೆಯ ಸುತ್ತ ಉಪ್ಪು ಹರಳುಗಟ್ಟುತ್ತದೆ. ಹಿಂಬದಿಯ ಹಲಗೆಯನ್ನು ಅಗಲವಾಗಿ ಕತ್ತರಿಸಿ ಗಾಳಿಯಾಡಲು ಬಿಟ್ಟ ಮೇಲೆ ಈ ತೊಂದರೆ ಬಹಳ ಕಡಿಮೆಯಾಯಿತು. ವಿದ್ಯುತ್ ಪ್ಲಗ್ಗುಗಳೆಲ್ಲ ಸಂಪಿನ ಮಟ್ಟಕ್ಕಿಂತ ಎತ್ತರದಲ್ಲಿರಬೇಕು, ತಂತಿಗಳು ಪ್ಲಗ್ಗಿಗಿಂತ ಕೆಳಗೆ ಬಾಗಿ ಮತ್ತೆ ಮೇಲೇರಬೇಕು, ಆ ಸಾಲಿಗೆ ವಿದ್ಯುತ್ ಸೋರಿದರೆ ಕಡಿತಗೊಳಿಸುವ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು. ಉಪ್ಪುನೀರಿನ ವಿಷಯದಲ್ಲಿ ಇದಕ್ಕೆ ರಿಯಾಯಿತಿಯಿಲ್ಲ. ಸಂಪ್ ಕೊಳ್ಳುವ ಮುನ್ನ ಕ್ಯಾಬಿನೆಟ್ ಬಾಗಿಲಿನ ಅಗಲವನ್ನಷ್ಟೇ ಅಲ್ಲ, ಸ್ಕಿಮ್ಮರಿನಲ್ಲಿ ನೊರೆ ಸೇರುವ ಬಟ್ಟಲನ್ನು ಮೇಲೆತ್ತಿ ಹೊರತೆಗೆಯಲು ಬೇಕಾದ ಎತ್ತರವನ್ನೂ ಅಳೆದುಕೊಳ್ಳಬೇಕು. ಓವರ್‌ಫ್ಲೋ ಅಂಚಿನಲ್ಲಿ ಹಲ್ಲುಗಳಿದ್ದರೂ ಚಿಕ್ಕ ಗೋಬಿ ಮೀನುಗಳು ಮತ್ತು ಬಸವನಹುಳುಗಳು ಪೆಟ್ಟಿಗೆಗೆ ಜಾರುವುದುಂಟು. ನೀರು ಬದಲಾಯಿಸುವ ದಿನ ಅಲ್ಲಿಯೂ ಒಮ್ಮೆ ಇಣುಕಿ ನೋಡುವುದು ನನ್ನ ಅಭ್ಯಾಸ.

ನೂರು ಲೀಟರಿಗಿಂತ ಚಿಕ್ಕ ಟ್ಯಾಂಕಿಗೆ, ಅದರಲ್ಲೂ ವಾರವಾರ ನೀರು ಬದಲಾಯಿಸುವ ಶಿಸ್ತು ಇರುವವರಿಗೆ, ಇಷ್ಟೆಲ್ಲ ಏರ್ಪಾಡು ಬೇಕೆಂದು ನನಗನ್ನಿಸುವುದಿಲ್ಲ. ಅದಕ್ಕಿಂತ ದೊಡ್ಡದಾದ, ಹವಳಗಳಿರುವ, ಕೊರೆಯಬಲ್ಲ ಗಾಜಿನ ಟ್ಯಾಂಕ್ ಇರುವವರಿಗೆ ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ನಿರ್ವಹಣೆಯಲ್ಲಿ ತಪ್ಪದೆ ಪಾಲಿಸುವ ಒಂದು ಕ್ರಮವನ್ನು ಹೇಳುವುದು ಬಾಕಿಯಿದೆ. ಕೆಲವು ತಿಂಗಳಿಗೊಮ್ಮೆ ರಿಟರ್ನ್ ಪಂಪನ್ನು ಬಿಚ್ಚಿ, ಸಿಟ್ರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಇಂಪೆಲ್ಲರಿನ (ನೀರು ತಳ್ಳುವ ಚಕ್ರದ) ಸುಣ್ಣ ಕರಗುವವರೆಗೆ ನೆನೆಸಿ, ಚೆನ್ನಾಗಿ ತೊಳೆದು ಮತ್ತೆ ಕೂರಿಸುತ್ತೇನೆ. ಅಷ್ಟು ಹೊತ್ತು ಕೆಲಸ ನಡೆಸಲು ಹೆಚ್ಚುವರಿ ಪಂಪೊಂದು ಸಿದ್ಧವಿರುತ್ತದೆ. ಕೂರಿಸಿದ ಬಳಿಕ ಸ್ವಿಚ್ ಆರಿಸಿ ಸಂಪಿನ ನೀರು ಎಲ್ಲಿಯವರೆಗೆ ಏರುತ್ತದೆಂದು ನೋಡುತ್ತೇನೆ. ಗಾಜಿನ ಹೊರಬದಿಯಲ್ಲಿ 28 ಸೆಂ.ಮೀ.ಗೆ ಟೇಪಿನ ಗುರುತು ಇದೆ. ನಾಝಲಿನ ರಂಧ್ರ ತೆರೆದಿದ್ದಾಗ ನೀರು ಆ ಗುರುತಿಗಿಂತ ಸಾಕಷ್ಟು ಕೆಳಗೇ ನಿಲ್ಲುತ್ತದೆ. ಗುರುತಿನವರೆಗೂ ಬಂದರೆ ರಂಧ್ರದಲ್ಲಿ ಕೋರಲೈನ್ ಬೆಳೆದಿದೆಯೆಂದು ಅರ್ಥ. ಆಗ ಸಣ್ಣ ಕಡ್ಡಿಯಿಂದ ಅದನ್ನು ಚುಚ್ಚಿ ಬಿಡಿಸಿ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುತ್ತೇನೆ.